ಕೋಳಿಗೂಡಿನ ಒದ್ದೆ ಹಾಸು

ಆರಿದ್ರಾ ಮಳೆ ಹಿಡಿದ ಮೇಲೆ ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಇರುಳು ಕೋಳಿಗೂಡಿನಿಂದ ಗೊರಗೊರ ಸದ್ದು ಕೇಳುವುದುಂಟು. ಶೀತವೆಂದು ತಿಳಿದು ಗೂಡಿನ ಸಂದುಗಳಿಗೆಲ್ಲ ಗೋಣಿತಟ್ಟು ಕಟ್ಟಿದವರಲ್ಲಿ ನಾನೂ ಒಬ್ಬ. ಸದ್ದು ಹೆಚ್ಚಿತೇ ಹೊರತು ತಗ್ಗಲಿಲ್ಲ.

ಕೇಡು ಹಾಸಿನಲ್ಲಿತ್ತು. ದನದ ಕೊಟ್ಟಿಗೆಯ ಸೊಪ್ಪು ನೆನೆದು ಕೊಳೆತಷ್ಟೂ ಗೊಬ್ಬರ ಚೆನ್ನೆಂಬುದು ನಮ್ಮ ರೂಢಿ. ಅದೇ ಕಣ್ಣಿನಿಂದ ಕೋಳಿಯ ಹಾಸನ್ನೂ ನೋಡಿದ್ದೆ. ಆದರೆ ಕೋಳಿಯ ಹಿಕ್ಕೆಯ ಮೇಲಿನ ಬಿಳುಪೇ ಅದರ ಮೂತ್ರ, ಯೂರಿಕ್ ಆಮ್ಲ. ತೇವ ತಗುಲಿದರೆ ಸೂಕ್ಷ್ಮಜೀವಿಗಳು ಅದನ್ನೊಡೆದು ಅಮೋನಿಯ ಮಾಡುತ್ತವೆ. ಶ್ವಾಸನಾಳದಿಂದ ಧೂಳನ್ನೂ ರೋಗಾಣುಗಳನ್ನೂ ಹೊರದೂಡುವ ನವಿರು ರೋಮಗಳು ಈ ಅನಿಲಕ್ಕೆ ಸೋಲುತ್ತವೆ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಅದು 25 ಭಾಗ ಮೀರಬಾರದು. ಅಳೆಯಲು ಉಪಕರಣ ಬೇಡ. ಬೆಳಗ್ಗೆ ಬಾಗಿಲು ತೆರೆದೊಡನೆ ಕೋಳಿಯ ಎತ್ತರಕ್ಕೆ ಕುಕ್ಕರುಗಾಲಿನಲ್ಲಿ ಕೂತು ಉಸಿರೆಳೆಯಿರಿ. ಕಣ್ಣುರಿದರೆ ಮಿತಿ ಮೀರಿತೆಂದೇ ಅರ್ಥ.

ಒಂದು ಹಿಡಿ ಹಾಸನ್ನು ಹಿಸುಕಿ ನೋಡಿ. ಉಂಡೆಯಾಗಿ ನಿಂತರೆ ಅದನ್ನು ಗೊಬ್ಬರಗುಂಡಿಗೆ ಸೇರಿಸಿ, ಒಣ ಭತ್ತದ ಹೊಟ್ಟು ಹರಡಬೇಕು. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಆಷಾಢದಲ್ಲಿ ಒಣಹೊಟ್ಟು ಎಲ್ಲಿಯದು? ಬೇಸಗೆಯಲ್ಲೇ ಅಟ್ಟಕ್ಕೇರಿಸಿಡಬೇಕು. ಒದ್ದೆ ಹಾಸಿಗೆ ಸುಣ್ಣ ಬೆರೆಸುವ ಆತುರ ಬೇಡ. ಅಮೋನಿಯ ಇನ್ನಷ್ಟು ಏಳುತ್ತದೆ. ಗೋಣಿತಟ್ಟು ಎರಚಲು ಬಡಿಯುವ ಕಡೆ ಮಾತ್ರ ಸಾಕು, ಸೂರಿನಡಿಯ ಸಂದು ತೆರೆದೇ ಇರಲಿ.

ಗೊರಗೊರದೊಡನೆ ಕತ್ತು ತಿರುಚಿಕೊಂಡರೆ, ಹಿಕ್ಕೆ ಹಸಿರಾದರೆ ರಾಣಿಖೇತ್ ರೋಗವಿದ್ದೀತು. ಅದಕ್ಕೆ ಮದ್ದಿಲ್ಲ, ಮೊದಲೇ ಹಾಕಿಸಿದ ಲಸಿಕೆಯೊಂದೇ ರಕ್ಷೆ. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ನಾನು ಗೋಣಿ ಬಿಚ್ಚಿದ್ದು ಪುಷ್ಯ ಮಳೆಯಲ್ಲಿ. ಅಷ್ಟು ಹೊತ್ತಿಗೆ 11 ಕೋಳಿಗಳಲ್ಲಿ 7 ಉಳಿದಿದ್ದವು.