ಮಂದ್ರಸ್ವರದ ಸೆಳೆತ: ಬೇಸ್ ಗಿಟಾರನ್ನು ಕೈಗೆತ್ತಿಕೊಂಡವರು

ಪಾಶ್ಚಾತ್ಯ ಮಾದರಿಯ ವಾದ್ಯತಂಡವೊಂದು ವೇದಿಕೆಯ ಮೇಲೆ ನುಡಿಸುತ್ತಿರುವುದನ್ನು ವಾಚಕರು ಕಂಡಿರಬಹುದು. ಸಭಿಕರ ಕಣ್ಣು ಮೊದಲು ಹಾಡುಗಾರನ ಕಡೆಗೆ, ಬಳಿಕ ಗಿಟಾರ್ ವಾದಕನ ಕಡೆಗೆ, ಆಮೇಲೆ ಡ್ರಮ್ಮುಗಳ ಕಡೆಗೆ ಹರಿಯುತ್ತದೆ. ಇವರೆಲ್ಲರ ಹಿಂದೆ, ಉದ್ದನೆಯ ಕತ್ತಿನ, ದಪ್ಪ ತಂತಿಗಳ ವಾದ್ಯವೊಂದನ್ನು ಹೆಗಲಿಗೆ ತೂಗುಹಾಕಿಕೊಂಡು ನಿಂತವನನ್ನು ಗಮನಿಸುವವರು ವಿರಳ. ಅವನು ನುಡಿಸುವುದು ಬೇಸ್ ಗಿಟಾರ್. ಮನೆಗೆ ಮರಳುವಾಗ ಅವನ ವಾದನವನ್ನು ಗುನುಗುವವರು ಇನ್ನೂ ವಿರಳ. ಆದರೂ ಅವನು ಕ್ಷಣಕಾಲ ಕೈ ನಿಲ್ಲಿಸಿದರೆ ಸಾಕು, ಏನೋ ಕಳಚಿಬಿದ್ದಂತೆ ಸಭೆಗೆ ಅನ್ನಿಸುತ್ತದೆ. ನಮ್ಮ ಕಛೇರಿಗಳಲ್ಲಿ ತಂಬೂರಿಯ ನಾದವೂ ಹೀಗೆಯೇ ಅಲ್ಲವೆ? ಇರುವಾಗ ಅದಕ್ಕೆಂದೇ ಕಿವಿಗೊಡುವವರಿಲ್ಲ. ನಿಂತರೆ ಹಾಡೇ ಬರಿದಾಗುತ್ತದೆ.

ಹೆಸರೂ ಚಪ್ಪಾಳೆಯೂ ಮುಂದಿನ ಸಾಲಿಗೆ ಸಲ್ಲುತ್ತಿರುವಾಗ ಹಿಂದಿನ ಸಾಲಿನ ಈ ವಾದ್ಯವನ್ನು ಸಂಗೀತಗಾರನೊಬ್ಬ ಹಿಡಿಯುವುದೇತಕ್ಕೆ? ಉತ್ತರದ ಅರ್ಧಭಾಗ ಸಂಗೀತಗಾರರ ಜೀವನದಲ್ಲಿದೆ. ಉಳಿದ ಅರ್ಧ ಭೌತಶಾಸ್ತ್ರದಲ್ಲಿಯೂ ನಮ್ಮ ಕಿವಿಯ ಸ್ವಭಾವದಲ್ಲಿಯೂ ಅಡಗಿದೆ.

ತಗ್ಗು ಸ್ವರದ ತೊಡಕು

ಗಿಟಾರಿನ ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ನಾಲ್ಕು ತಂತಿಗಳ ಬೇಸ್ ಗಿಟಾರಿನಲ್ಲಿ ಅತಿ ತಗ್ಗಿನದು ಕಂಪಿಸುವುದು ಅದರ ಅರ್ಧದಷ್ಟು, ಎಂದರೆ ಸುಮಾರು 41 ಸಲ. ಸರಿಯಾಗಿ ಒಂದು ಸ್ಥಾಯಿ ಕೆಳಗಿನ ಸ್ವರವಿದು. ಇದನ್ನು ಪಡೆಯುವ ಬಗೆ ಹೇಗೆ? ತಂತಿಯ ಕಂಪನವನ್ನು ಕುರಿತ ನಿಯಮಗಳನ್ನು ಫ್ರಾನ್ಸಿನ ಮರ್ಸೆನ್ ಎಂಬ ವಿದ್ವಾಂಸ 1636ರಲ್ಲಿಯೇ ಪ್ರಕಟಿಸಿದ್ದನು. ಅವುಗಳಂತೆ, ಕಂಪನವನ್ನು ಅರ್ಧಕ್ಕಿಳಿಸಲು ಮೂರು ಮಾರ್ಗಗಳುಂಟು: ತಂತಿಯ ಉದ್ದವನ್ನು ಇಮ್ಮಡಿ ಮಾಡಬೇಕು, ಇಲ್ಲವೆ ಬಿಗಿತವನ್ನು ನಾಲ್ಕರಲ್ಲೊಂದು ಪಾಲಿಗೆ ಇಳಿಸಬೇಕು, ಇಲ್ಲವೆ ತಂತಿಯ ತೂಕವನ್ನು ನಾಲ್ಕು ಪಟ್ಟು ಹೆಚ್ಚಿಸಬೇಕು. ಉದ್ದ ಇಮ್ಮಡಿಯಾದರೆ ಕೈ ನಿಲುಕದು. ಬಿಗಿತ ಇಳಿದರೆ ತಂತಿ ಸಡಿಲಾಗಿ ಮರಕ್ಕೆ ಬಡಿಯುತ್ತದೆ. ಆದುದರಿಂದ ಉದ್ದವನ್ನು ಕೊಂಚ ಹೆಚ್ಚಿಸಿ, ಉಳಿದುದನ್ನು ತೂಕದಿಂದ ಸಾಧಿಸುತ್ತಾರೆ. ಸಾಮಾನ್ಯ ವಿದ್ಯುತ್ ಗಿಟಾರಿನ ತಂತಿ ಇಪ್ಪತ್ತೈದೂವರೆ ಅಂಗುಲವಿದ್ದರೆ, ಬೇಸ್ ಗಿಟಾರಿನದು ಬಹುಮಟ್ಟಿಗೆ 34 ಅಂಗುಲ.

ಆದರೆ ತೂಕಕ್ಕಾಗಿ ದಪ್ಪ ಉಕ್ಕಿನ ಸರಳನ್ನೇ ಕಟ್ಟುವಂತಿಲ್ಲ. ಅದು ಬಾಗಲೊಪ್ಪದೆ ಶ್ರುತಿಗೆಟ್ಟ ಧ್ವನಿಯನ್ನು ಹೊರಡಿಸುತ್ತದೆ. ಅದಕ್ಕಾಗಿ ಸಣ್ಣ ಉಕ್ಕಿನ ಎಳೆಯ ಸುತ್ತ ಬೇರೊಂದು ತಂತಿಯನ್ನು ಒತ್ತಾಗಿ ಸುತ್ತುತ್ತಾರೆ. ಭಾರವೂ ಬಂತು, ಬಳುಕೂ ಉಳಿಯಿತು.

ಇಷ್ಟಾದರೂ ಮುಖ್ಯ ತೊಡಕು ನೀಗದು. ನಮ್ಮ ಕಿವಿ ತಗ್ಗು ಸ್ವರಗಳಿಗೆ ಬಲು ಮಂದ. ಸೆಕೆಂಡಿಗೆ 1000 ಕಂಪನಗಳ ಸ್ವರಕ್ಕೆ ಹೋಲಿಸಿದರೆ, 40 ಕಂಪನಗಳ ಸ್ವರ ಕೇಳಿಸಬೇಕಾದರೆ ಹತ್ತಾರು ಸಾವಿರ ಪಟ್ಟು ಹೆಚ್ಚು ಶಕ್ತಿ ಬೇಕು. ಅದೂ ಅಲ್ಲದೆ, ಆ ಸ್ವರದ ಅಲೆಯ ಉದ್ದ ಗಾಳಿಯಲ್ಲಿ ಎಂಟು ಮೀಟರಿಗೂ ಮಿಗಿಲು. ಅಷ್ಟು ದೊಡ್ಡ ಅಲೆಯನ್ನು ಚಿಕ್ಕ ಮರದ ಪೆಟ್ಟಿಗೆ ಬಲವಾಗಿ ಎಬ್ಬಿಸಲಾರದು. ಹಳೆಯ ಡಬಲ್ ಬೇಸ್ ವಾದ್ಯ ಆಳುದ್ದ ಬೆಳೆದು ನಿಂತುದು ಇದರಿಂದಲೇ. ಅಷ್ಟು ಬೆಳೆದರೂ ತುತ್ತೂರಿಗಳ, ವಿದ್ಯುತ್ ಗಿಟಾರುಗಳ ಅಬ್ಬರದಲ್ಲಿ ಅದರ ದನಿ ಮುಳುಗಿಹೋಗುತ್ತಿತ್ತು.

ರೇಡಿಯೋ ರಿಪೇರಿಯವನ ಉಪಾಯ

ಈ ತೊಡಕನ್ನು ಬಿಡಿಸಿ, ವ್ಯಾಪಕವಾಗಿ ಬಳಕೆಗೆ ಬಂದ ಮೊದಲ ಬೇಸ್ ಗಿಟಾರನ್ನು 1951ರಲ್ಲಿ ಹೊರತಂದವನು ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್. ಇವನು ಮೊದಲು ರೇಡಿಯೋ ರಿಪೇರಿಯ ಅಂಗಡಿ ಇಟ್ಟಿದ್ದವನು. ಗಿಟಾರ್ ನುಡಿಸಲು ಬಾರದವನು! ಗಾಳಿಯನ್ನು ಅಲುಗಿಸುವ ಹೊಣೆಯನ್ನೇ ಅವನು ಮರದ ಪೆಟ್ಟಿಗೆಯಿಂದ ತೆಗೆದುಬಿಟ್ಟನು. ಗಟ್ಟಿ ಮರದ ಹಲಗೆ. ಅದರ ಮೇಲೆ ಉಕ್ಕಿನ ತಂತಿಗಳು. ಅವುಗಳ ಕೆಳಗೆ ಅಯಸ್ಕಾಂತ. ಅದರ ಸುತ್ತ ಕೂದಲಿನಂತಹ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ತಂತಿ ಕಂಪಿಸಿದಂತೆ ಕಾಂತಕ್ಷೇತ್ರ ಏರಿಳಿಯುತ್ತದೆ. ಸುರುಳಿಯಲ್ಲಿ ಅದೇ ಲಯದ ಕ್ಷೀಣ ವಿದ್ಯುತ್ತು ಹುಟ್ಟುತ್ತದೆ. ಇದು ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವವೇ ಹೊರತು ಬೇರೆಯಲ್ಲ. ಆ ವಿದ್ಯುತ್ತನ್ನು ಹೆಚ್ಚಿಸಿ ದೊಡ್ಡ ಧ್ವನಿವರ್ಧಕಕ್ಕೆ ಊಡಿದರೆ ಸಭಾಂಗಣ ತುಂಬುವ ಮಂದ್ರಸ್ವರ ಸಿದ್ಧ.

ವೀಣೆಗೆ ಇರುವಂತೆ ಈ ವಾದ್ಯದ ಕತ್ತಿಗೂ ಮೆಟ್ಟಲುಗಳಿವೆ. ಡಬಲ್ ಬೇಸಿಗೆ ಅವಿಲ್ಲದ್ದರಿಂದ ಸ್ವರಸ್ಥಾನವನ್ನು ಬೆರಳೇ ಹುಡುಕಬೇಕಾಗಿತ್ತು. ಇಲ್ಲಿ ಸ್ವರಸ್ಥಾನ ನಿಖರ. ಫೆಂಡರನು ವಾದ್ಯಕ್ಕೆ ನಿಖರತೆ ಎಂಬ ಅರ್ಥದ ‘ಪ್ರಿಸಿಷನ್’ ಎಂಬ ಹೆಸರಿಟ್ಟುದು ಈ ಕಾರಣದಿಂದ. ಗಿಟಾರ್ ಬಲ್ಲವರು ಕೆಲವೇ ದಿನಗಳಲ್ಲಿ ಇದನ್ನು ನುಡಿಸಬಹುದಾಯಿತು. ಹೊಸಬರಿಗೆ ಬಾಗಿಲು ತೆರೆದಂತಾಯಿತು.

ಆಕಸ್ಮಿಕದ ದಾರಿ

ಆ ಬಾಗಿಲಲ್ಲಿ ಬಂದವರ ಚರಿತ್ರೆ ವಿಚಿತ್ರವಾಗಿದೆ. ಹೆಸರಾಂತ ಬೇಸ್ ವಾದಕರಲ್ಲಿ ಅನೇಕರು ವಾದ್ಯವನ್ನು ಬಯಸಿ ಬಂದವರಲ್ಲ. ಸಂದರ್ಭ ಅವರನ್ನು ತಂದು ನಿಲ್ಲಿಸಿತು. ಬೀಟಲ್ಸ್ ತಂಡದ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ 1961ರಲ್ಲಿ ತಂಡವನ್ನು ಬಿಟ್ಟಾಗ ಆ ಜಾಗಕ್ಕೆ ಯಾರೂ ಮುಂದಾಗಲಿಲ್ಲ. ಅದುವರೆಗೆ ಗಿಟಾರನ್ನೂ ಪಿಯಾನೋವನ್ನೂ ನುಡಿಸುತ್ತಿದ್ದ ಪಾಲ್ ಮೆಕಾರ್ಟ್ನಿ ಅದನ್ನು ಹೊರಬೇಕಾಯಿತು. ಹಾಲಿವುಡ್ಡಿನಲ್ಲಿ 1963ರಲ್ಲಿ ಒಂದು ಧ್ವನಿಮುದ್ರಣಕ್ಕೆ ಬೇಸ್ ವಾದಕನು ಬಾರದೆ ಹೋದನು. ಅಲ್ಲಿದ್ದ ಗಿಟಾರ್ ವಾದಕಿ ಕ್ಯಾರಲ್ ಕೇ ಅವನ ವಾದ್ಯದ ಪಾಲನ್ನು ನುಡಿಸಿದರು. ಬಳಿಕ ಅದೇ ಅವರ ಮುಖ್ಯ ವಾದ್ಯವಾಯಿತು.

ಲ್ಯಾರಿ ಗ್ರಹಾಂ ತಾಯಿಯೊಡನೆ ಕಛೇರಿ ನಡೆಸುತ್ತಿದ್ದ ಯುವಕ. ತಗ್ಗು ಸ್ವರಗಳನ್ನು ಕಾಲಿನಿಂದ ನುಡಿಸುತ್ತಿದ್ದ ಆರ್ಗನ್ ಕೆಟ್ಟಿತೆಂದು ತಾತ್ಕಾಲಿಕವಾಗಿ ಬೇಸ್ ಗಿಟಾರೊಂದನ್ನು ಬಾಡಿಗೆಗೆ ತಂದರು. ಜೊತೆಯಲ್ಲಿ ಡ್ರಮ್ ನುಡಿಸುವವರೂ ಇಲ್ಲದ್ದರಿಂದ, ಹೆಬ್ಬೆರಳಿನಿಂದ ತಂತಿಯನ್ನು ಹೊಡೆದು, ಬೇರೆ ಬೆರಳಿನಿಂದ ಸೆಳೆದು ಬಿಟ್ಟು ತಾಳದ ಪೆಟ್ಟನ್ನು ತಾವೇ ತುಂಬಿದರು. ಕೊರತೆಯಿಂದ ಹುಟ್ಟಿದ ಆ ಕ್ರಮ ಮುಂದೆ ಒಂದು ವಾದನಶೈಲಿಯೇ ಆಗಿ ಜಗತ್ತಿನಲ್ಲೆಲ್ಲ ಹರಡಿತು. ಜಾಕೋ ಪಾಸ್ಟೋರಿಯಸ್ (1951–1987) ಬಾಲ್ಯದಲ್ಲಿ ಡ್ರಮ್ ಕಲಿಯುತ್ತಿದ್ದವನು. ಅಮೆರಿಕನ್ ಫುಟ್‌ಬಾಲ್ ಆಟದಲ್ಲಿ ಮಣಿಕಟ್ಟಿಗೆ ಪೆಟ್ಟಾದ ಮೇಲೆ ಬೇಸ್ ಗಿಟಾರಿಗೆ ತಿರುಗಿದನು. ಮೆಟ್ಟಲುಗಳಿಲ್ಲದ ಬೇಸ್ ಗಿಟಾರಿನಲ್ಲಿ ಸ್ವರದಿಂದ ಸ್ವರಕ್ಕೆ ಜಾರುತ್ತ ಅವನು ನುಡಿಸಿದುದನ್ನು ಕೇಳಿದರೆ, ನಮ್ಮ ಗೋಟುವಾದ್ಯದ ಜಾರುಗಮಕಗಳು ನೆನಪಾಗುತ್ತವೆ.

ಸಂದರ್ಭ ಕರೆತಂದಿತು, ನಿಜ. ಆದರೆ ಸಂದರ್ಭ ಯಾರನ್ನೂ ಜೀವಮಾನವೆಲ್ಲ ಹಿಡಿದಿಡಲಾರದು. ಹಿಡಿದಿಟ್ಟುದು ಯಾವುದು?

ಕೆಳಗಿನಿಂದ ನಡೆಸುವ ಅಧಿಕಾರ

ಶಂಕರಾಭರಣದ ಸ, ಗ, ಪ ಸ್ವರಗಳನ್ನು ಹಾರ್ಮೋನಿಯಮ್ಮಿನಲ್ಲಿ ಒಟ್ಟಿಗೆ ನುಡಿಸಿ ನೋಡಿರಿ. ಅವುಗಳ ಕೆಳಗೆ ಮಂದ್ರದ ಸ ಸೇರಿದರೆ ನಿಶ್ಚಿಂತೆಯ, ತುಂಬಿದ ಭಾವ ಮೂಡುತ್ತದೆ. ಅದನ್ನು ಬಿಟ್ಟು ಮಂದ್ರದ ಧ ಸೇರಿಸಿದರೆ, ಮೇಲಿನ ಮೂರು ಸ್ವರಗಳು ಇದ್ದಂತೆಯೇ ಇದ್ದರೂ, ವಿಷಾದದ ಛಾಯೆ ಕವಿಯುತ್ತದೆ. ಸ್ವರಮೇಳದ ಅರ್ಥವನ್ನು ಬಹುಮಟ್ಟಿಗೆ ಗೊತ್ತುಮಾಡುವುದು ಎಲ್ಲಕ್ಕಿಂತ ಕೆಳಗಿನ ಸ್ವರ. ಅದನ್ನು ಆರಿಸುವವನು ಬೇಸ್ ವಾದಕ.

ಲಯದಲ್ಲಿಯೂ ಅವನದೇ ಮೇಲುಗೈ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾನಿಲಯದ ಲಾರೆಲ್ ಟ್ರೇನರ್ ಮತ್ತು ಸಂಗಡಿಗರು ಈ ಬಗ್ಗೆ ನಡೆಸಿದ ಪ್ರಯೋಗಗಳ ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಒಂದು ತಾರ, ಒಂದು ಮಂದ್ರ, ಹೀಗೆ ಎರಡು ಸ್ವರಗಳನ್ನು ಏಕಕಾಲದಲ್ಲಿ, ಸಮಲಯದಲ್ಲಿ ಕೇಳಿಸಿದರು. ಆಗಾಗ ಎರಡರಲ್ಲೊಂದು ಸ್ವರ ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿನಷ್ಟು ಮುಂಚೆ ಬರುವಂತೆ ಮಾಡಿದರು. ಮಂದ್ರಸ್ವರ ಲಯ ತಪ್ಪಿದಾಗ ಕೇಳುಗರ ಮಿದುಳಿನ ವಿದ್ಯುತ್ ಪ್ರತಿಕ್ರಿಯೆ ಹೆಚ್ಚು ಪ್ರಬಲವಾಗಿದ್ದಿತು. ಬೆರಳಿನಿಂದ ತಾಳ ಹಾಕುವವರೂ ಮಂದ್ರಸ್ವರವನ್ನೇ ಹೆಚ್ಚಾಗಿ ಅನುಸರಿಸಿದರು.

ಅದೇ ವಿಶ್ವವಿದ್ಯಾನಿಲಯದಲ್ಲಿ ನಡೆದ ನೃತ್ಯಸಂಗೀತದ ಕಛೇರಿಯೊಂದರಲ್ಲಿ, ಸೆಕೆಂಡಿಗೆ 8ರಿಂದ 37 ಕಂಪನಗಳ ಅತಿ ತಗ್ಗಿನ ಧ್ವನಿಯನ್ನು ಎರಡೂವರೆ ನಿಮಿಷಕ್ಕೊಮ್ಮೆ ಸೇರಿಸುತ್ತ, ನಿಲ್ಲಿಸುತ್ತ ಹೋದರು. ಆ ಧ್ವನಿ ಇದ್ದಾಗ ಸಭಿಕರ ಚಲನೆ ಸರಾಸರಿ ಶೇಕಡ 11.8ರಷ್ಟು ಹೆಚ್ಚಿತೆಂದು 2022ರಲ್ಲಿ ವರದಿಯಾಯಿತು. ಅದು ಇದೆಯೋ ಇಲ್ಲವೋ ಎಂಬುದನ್ನು ಕೇಳಿ ಗುರುತಿಸಲು ಜನರಿಗೆ ಸಾಧ್ಯವಿಲ್ಲವೆಂಬುದು ಬೇರೊಂದು ಪರೀಕ್ಷೆಯಿಂದ ತಿಳಿದಿತ್ತು. ಕಿವಿ ಗುರುತಿಸದುದನ್ನು ಕಾಲು ಗುರುತಿಸಿತು! ಬೇಸ್ ಗಿಟಾರಿನ ಸ್ವರಗಳು ಇದಕ್ಕಿಂತ ಮೇಲಿನವು. ಆದರೂ ತಗ್ಗು ನಾದಕ್ಕೂ ದೇಹದ ಚಲನೆಗೂ ಇರುವ ನಂಟು ಇದರಿಂದ ಸ್ಪಷ್ಟವಾಗುತ್ತದೆ.

ಹೆಸರಿಲ್ಲದ ಗುರು

ಮೊದಲ ತಲೆಮಾರನ್ನು ಸಂದರ್ಭ ಕರೆತಂದರೆ, ಮುಂದಿನವರನ್ನು ಕರೆತಂದುದು ಕೇಳಿದ ನಾದ. ಇಲ್ಲಿ ಸ್ಮರಿಸಬೇಕಾದವನು ಡೆಟ್ರಾಯಿಟ್ ನಗರದ ಜೇಮ್ಸ್ ಜೇಮರ್ಸನ್ (1936–1983). ಮೋಟೌನ್ ಸಂಸ್ಥೆಯ ನೂರಾರು ಹಾಡುಗಳಿಗೆ ಇವನು ಬೇಸ್ ನುಡಿಸಿದನು. ಬಲಗೈಯ ತೋರುಬೆರಳೊಂದೇ ಅವನಿಗೆ ಸಾಕಾಗಿತ್ತು. 1960ರ ದಶಕದ ಸಣ್ಣ ರೇಡಿಯೋಗಳು 41 ಕಂಪನಗಳ ಸ್ವರವನ್ನು ಹೊರಡಿಸಲು ಅಶಕ್ತವಾಗಿದ್ದವು. ಆದರೆ ತಂತಿಯ ನಾದದಲ್ಲಿ ಮೂಲಸ್ವರದೊಡನೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ವೇಗದ ಉಪಸ್ವರಗಳೂ ಇರುತ್ತವೆ. ಇವು ಕೇಳಿಸಿದರೆ ಸಾಕು, ಇಲ್ಲದ ಮೂಲಸ್ವರವನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ. ಹೀಗೆ ಜೇಮರ್ಸನ್ನನ ಮಂದ್ರಸ್ವರ ಮನೆಮನೆಯನ್ನು ಮುಟ್ಟಿತು. ದೂರದ ಇಂಗ್ಲೆಂಡಿನಲ್ಲಿ ಮೆಕಾರ್ಟ್ನಿಯೂ ಅವನ ವಾದನದಿಂದ ಪ್ರಭಾವಿತನಾದನು.

ಆದರೆ ಆ ಮುದ್ರಿಕೆಗಳ ಮೇಲೆ ವಾದಕರ ಹೆಸರುಗಳನ್ನು ಅಚ್ಚುಮಾಡುವ ರೂಢಿ ಇರಲಿಲ್ಲ. ಜೇಮರ್ಸನ್ನನ ಹೆಸರು ಮೋಟೌನಿನ ಮುದ್ರಿಕೆಯೊಂದರಲ್ಲಿ ಕಾಣಿಸಿಕೊಂಡುದು 1971ರಲ್ಲಿ, ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ ಹೊರಬಂದಾಗ. ರಾಕ್ ಅಂಡ್ ರೋಲ್ ಕೀರ್ತಿಮಂದಿರದ ಗೌರವ ಸಂದುದು 2000ದಲ್ಲಿ. ಅವನು ತೀರಿಕೊಂಡು ಆಗ ಹದಿನೇಳು ವರ್ಷ. ಅಷ್ಟರೊಳಗೆ ಅವನ ಹೆಸರನ್ನೇ ಅರಿಯದ ಎಷ್ಟೋ ತರುಣರು ಅವನು ನುಡಿಸಿದುದನ್ನು ಕೇಳಿ ಕೇಳಿ ಬೇಸ್ ಗಿಟಾರನ್ನು ಕಲಿತಿದ್ದರು.

ಮುಂದೆ ನಿಂತವನು ಸಭೆಯ ಕಣ್ಣನ್ನು ಸೆಳೆಯುತ್ತಾನೆ. ಮಂದ್ರಸ್ವರ ನುಡಿಸುವವನು ಹಾಡಿನ ಅರ್ಥವನ್ನೂ ನಡೆಯನ್ನೂ ನಿರ್ಧರಿಸುತ್ತಾನೆ. ಒಮ್ಮೆ ಈ ಅಧಿಕಾರದ ರುಚಿ ಕಂಡವನಿಗೆ ಹಿಂದಿನ ಸಾಲು ಹಿಂದಿನದೆಂದು ತೋರುವುದೇ ಇಲ್ಲ. ಮುಂದಿನ ಸಲ ಹಾಡೊಂದನ್ನು ಕೇಳುವಾಗ ಗಾಯಕನನ್ನು ಕೊಂಚ ಹೊತ್ತು ಬದಿಗಿಟ್ಟು, ತಳದಲ್ಲಿ ನಡೆಯುವ ಆ ಸ್ವರವೊಂದನ್ನೇ ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿರಿ. ಪರಿಚಿತವಾದ ಹಾಡಿನೊಳಗೆ ಮತ್ತೊಂದು ಹಾಡು ನಿಮಗೆ ಕೇಳಿಸುತ್ತದೆ.