ಪೈಪಿನೊಳಗಿನ ಗಾಳಿಗೆ ದಾರಿ: ಏರ್ ವಾಲ್ವ್ ಆರಿಸುವುದು ಹೇಗೆ?

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಹನಿ ನೀರಾವರಿಯ ಮಾತು ಬಂದಾಗಲೆಲ್ಲ ರೈತ ಬಾಂಧವರು ಕೇಳುವ ಪ್ರಶ್ನೆ ಒಂದಿದೆ. "ಬೋರಿನ ಬಾಯಲ್ಲಿ ನೀರು ಚೆನ್ನಾಗೇ ಬೀಳ್ತದೆ. ಮುನ್ನೂರು ಮೀಟರ್ ಆಚೆ ಹೊಲಕ್ಕೆ ಹೋದರೆ ಅದರ ಅರ್ಧವೂ ಇರಲ್ಲ. ಪೈಪು ಎಲ್ಲೂ ಸೋರಿಲ್ಲ. ನೀರು ಎಲ್ಲಿ ಹೋಯ್ತು ಸ್ವಾಮಿ?" ಎಷ್ಟೋ ಸಲ ನೀರು ಎಲ್ಲಿಗೂ ಹೋಗಿರುವುದಿಲ್ಲ. ದಾರಿಯಲ್ಲಿ ಗಾಳಿ ಅಡ್ಡ ಕೂತಿರುತ್ತದೆ.

ಈ ಎರಡು ತಾಲ್ಲೂಕುಗಳು ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ಪ್ರದೇಶಕ್ಕೆ ಸೇರಿದವು. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ ಜಿಲ್ಲೆಯೆಲ್ಲ ಸಂಭ್ರಮಿಸಿತು. ಆದರೆ ಅದರ ಅಚ್ಚುಕಟ್ಟು ಮುಖ್ಯವಾಗಿ ಹಿರಿಯೂರು ಭಾಗದ್ದು. ಇಲ್ಲಿನ ಶೇಂಗಾ, ದಾಳಿಂಬೆ, ಈರುಳ್ಳಿ ಬೆಳೆಗಾರರಲ್ಲಿ ಹೆಚ್ಚಿನವರಿಗೆ ಕೊಳವೆ ಬಾವಿಯೇ ಗತಿ. ಮೂರು ಫೇಸ್ ಕರೆಂಟು ದಿನಕ್ಕೆ ಕೆಲವೇ ಗಂಟೆ. ಆ ಗಂಟೆಗಳಲ್ಲಿ ಬರುವ ನೀರಿನಲ್ಲಿ ಒಂದು ಪಾಲು ಕಡಿಮೆಯಾದರೂ ಶೇಂಗಾದ ಹೂಡು ನೆಲಕ್ಕಿಳಿಯುವ ಹೊತ್ತಿನಲ್ಲಿ ಪೆಟ್ಟು ಬೀಳುತ್ತದೆ.

ಗಾಳಿ ಪೈಪಿಗೆ ಬರುವುದು ಹೇಗೆ? ಮೋಟರು ನಿಂತಾಗ ಪೈಪಿನ ನೀರು ತಗ್ಗಿನ ಕಡೆ ಹರಿದು ಖಾಲಿಯಾಗುತ್ತದೆ, ಆ ಜಾಗಕ್ಕೆ ಗಾಳಿ ನುಗ್ಗುತ್ತದೆ. ನಮ್ಮಲ್ಲಿ ಇನ್ನೊಂದು ಕಾರಣವೂ ಉಂಟು. ಬೋರಿನಲ್ಲಿ ನೀರು ಇಳಿದು ಪಂಪಿನ ಮಟ್ಟಕ್ಕೆ ಬಂದಾಗ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಬಿಟ್ಟು ಬಿಟ್ಟು, ಗುಳುಗುಳು ಎಂದು ಬರುವ ನೀರನ್ನು ಯಾರು ನೋಡಿಲ್ಲ? ಇದಲ್ಲದೆ ನೀರಿನಲ್ಲಿ ಸಹಜವಾಗಿಯೇ ನೂರಕ್ಕೆ ಎರಡು ಪಾಲಿನಷ್ಟು ಗಾಳಿ ಕರಗಿರುತ್ತದೆ. ಒತ್ತಡ ಇಳಿದಾಗ ಅದರಲ್ಲೊಂದಿಷ್ಟು ಬೇರೆಯಾಗಿ ಗುಳ್ಳೆಯಾಗುತ್ತದೆ.

ಹೀಗೆ ಸೇರಿದ ಗಾಳಿ ಹೋಗಿ ಕೂರುವುದು ದಿಣ್ಣೆಯ ಮೇಲೆ. ಪೈಪು ಮರಡಿ ಹತ್ತಿ ಇಳಿಯುವ ಕಡೆ, ಇಳಿಜಾರಿನ ಉದ್ದಕ್ಕೂ ಅದು ಮಲಗಿಬಿಡುತ್ತದೆ. ನೀರು ಅದರಡಿಯಲ್ಲಿ ತೆಳ್ಳಗೆ ಜಾರಬೇಕು. ಆ ಗಾಳಿ ಎರಡು ಮೀಟರ್ ಇಳಿಜಾರನ್ನು ಹಿಡಿದಿದ್ದರೆ ಪಂಪು ಸುಮಾರು ಎರಡು ಮೀಟರ್ ಹೆಚ್ಚಿಗೆ ಎತ್ತಿದಷ್ಟೇ ಕೆಲಸ ಮಾಡಬೇಕು. ಅಂಥ ಮೂರು ಮರಡಿ ಇದ್ದರೆ ಆರು ಮೀಟರ್! ಹೊಲದಲ್ಲಿ ನೀರು ಸಣ್ಣಗಾಗುವುದು ಇದರಿಂದಲೇ.

ಗಾಳಿ ಎತ್ತರ ಹುಡುಕುವ ಈ ಗುಣವನ್ನು ಸಮುದ್ರದಲ್ಲಿ ಮುಳುಗುವವರು ಪ್ರಾಣದ ಪ್ರಶ್ನೆಯಾಗಿ ಕಲಿತಿರುತ್ತಾರೆ. ತಣ್ಣನೆಯ ಸಮುದ್ರಗಳಲ್ಲಿ ಅವರು ತೊಡುವ ಡ್ರೈಸೂಟ್ ಎಂಬ ನೀರು ಹೊಗದ ಉಡುಪಿನೊಳಗೆ ಗಾಳಿ ಇರುತ್ತದೆ. ಹತ್ತು ಮೀಟರ್ ಆಳದಲ್ಲಿದ್ದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಅದನ್ನು ಹೊರಬಿಡದಿದ್ದರೆ ಮನುಷ್ಯ ಬಲೂನಿನಂತೆ ಮೇಲಕ್ಕೆ ಚಿಮ್ಮಿ ಅಪಾಯಕ್ಕೆ ಸಿಕ್ಕುತ್ತಾನೆ. ಅದಕ್ಕೆಂದೇ ಗಾಳಿ ಬಿಡುವ ವಾಲ್ವನ್ನು ಸಾಮಾನ್ಯವಾಗಿ ಎಡತೋಳಿನ ಮೇಲ್ಭಾಗದಲ್ಲಿ ಇಟ್ಟಿರುತ್ತಾರೆ. ಮೇಲೇರುವಾಗ ಆ ತೋಳನ್ನು ಎತ್ತಿ ಹಿಡಿದರೆ ವಾಲ್ವೇ ಎಲ್ಲಕ್ಕಿಂತ ಎತ್ತರದಲ್ಲಿರುತ್ತದೆ. ನಮ್ಮ ಪೈಪಿಗೆ ತೋಳಿಲ್ಲ, ದಿಣ್ಣೆಯಿದೆ. ವಾಲ್ವ್ ಅಲ್ಲಿಯೇ ಇರಬೇಕು.

ಇನ್ನು ಆಯ್ಕೆಯ ವಿಚಾರ. ಅಂಗಡಿಯಲ್ಲಿ 'ಏರ್ ವಾಲ್ವ್' ಎಂದರೆ ಕೈಗೆ ಸಿಕ್ಕಿದ್ದನ್ನು ಕೊಡುತ್ತಾರೆ. ಆದರೆ ಅದರಲ್ಲಿ ಮೂರು ಬಗೆ. ದೊಡ್ಡ ಬಾಯಿಯದು ಖಾಲಿ ಪೈಪು ತುಂಬುವಾಗ ಗಾಳಿಯನ್ನು ಒಮ್ಮೆಗೇ ಹೊರಬಿಡುತ್ತದೆ, ಮೋಟರು ನಿಂತಾಗ ಗಾಳಿಯನ್ನು ಒಳಗೆ ಬಿಡುತ್ತದೆ. ಆದರೆ ಒತ್ತಡ ಏರಿ ಅದರ ತೇಲುಗುಂಡು ಬಾಯಿಗೆ ಅಂಟಿಕೊಂಡ ಮೇಲೆ, ಆಮೇಲೆ ಬರುವ ಗುಳ್ಳೆಗಳಿಗೆ ಬಾಗಿಲು ತೆರೆಯುವುದಿಲ್ಲ. ಸಣ್ಣ ಬಾಯಿಯದು ಆ ಗುಳ್ಳೆಗಳನ್ನು ಒತ್ತಡದಲ್ಲಿಯೂ ಬಿಡುತ್ತದೆ, ಆದರೆ ಪೈಪು ತುಂಬುವಾಗ ಅದರ ಶಕ್ತಿ ಸಾಲದು. ಎರಡೂ ಕೆಲಸ ಮಾಡುವ ಜೋಡಿ ವಾಲ್ವಿಗೆ ಬೆಲೆ ಸ್ವಲ್ಪ ಹೆಚ್ಚು. ನೀರಿನ ಜೊತೆ ಗಾಳಿ ಎಳೆಯುವ ಬೋರಿದ್ದರೆ ಮುಖ್ಯ ಪೈಪಿನ ದಿಣ್ಣೆಗೆ ಜೋಡಿಯನ್ನೇ ಹಾಕಬೇಕೆಂಬುದು ನನ್ನ ಅಭಿಪ್ರಾಯ. ಹೊಲದೊಳಗಿನ ಸಬ್‌ಮೇನಿಗೆ ದೊಡ್ಡ ಬಾಯಿಯದು ಸಾಕು, ಅದನ್ನು ಗೇಟ್ ವಾಲ್ವ್ ದಾಟಿದ ಮೇಲೆ ಕೂರಿಸಿ.

ಗಾಳಿ ಒಳಗೆ ಬಿಡುವ ಕೆಲಸವನ್ನು ಹಗುರವಾಗಿ ಕಾಣಬೇಡಿ. ನೀರು ಇಳಿದು ಹೋಗುವಾಗ ಗಾಳಿಗೆ ದಾರಿಯಿಲ್ಲದಿದ್ದರೆ ಪೈಪು ತನ್ನ ಡ್ರಿಪ್ಪರುಗಳಿಂದಲೇ ಉಸಿರೆಳೆಯುತ್ತದೆ. ಕೆಸರು ಒಳಕ್ಕೆ ಬರುತ್ತದೆ. ಡ್ರಿಪ್ಪರು ಕಟ್ಟಿತೆಂದು ಫಿಲ್ಟರನ್ನು ಬೈಯುವವರು ಎಷ್ಟೋ ಮಂದಿ. ತೆಳುವಾದ ಪೈಪಾದರೆ ಒಳಕ್ಕೆ ಚಪ್ಪಟೆಯಾಗುವುದೂ ಉಂಟು.

ಅಳತೆಗೆ ಒಂದು ಲೆಕ್ಕ ನೋಡೋಣ. 63 ಮಿಲಿಮೀಟರಿನ ಪೈಪು 300 ಮೀಟರ್ ಇದ್ದರೆ ಅದರೊಳಗೆ ಸುಮಾರು 800 ಲೀಟರ್ ಗಾಳಿ. ಸೆಕೆಂಡಿಗೆ ಒಂದೂವರೆ ಲೀಟರ್ ಕೊಡುವ ಬೋರು ಇದನ್ನು ತುಂಬಲು ಒಂಬತ್ತು ನಿಮಿಷ ಬೇಕು. ಒಳಗೆ ಬರುವ ನೀರಿನಷ್ಟೇ ಗಾಳಿ ಹೊರಗೆ ಹೋಗಬೇಕು. ಇದಕ್ಕೆ ಒಂದಿಂಚಿನ ವಾಲ್ವ್ ಸಾಕು. ದೊಡ್ಡದಿದ್ದರೆ ಒಳ್ಳೆಯದಲ್ಲವೇ ಎನ್ನುವವರಿಗೆ ಒಂದು ಮಾತು: ಅತಿ ದೊಡ್ಡದಾದರೆ ನೀರು ರಭಸದಿಂದ ಬಂದು, ಕೊನೆಯ ಗಾಳಿ ಹೋದ ಕ್ಷಣದಲ್ಲಿ ತೇಲುಗುಂಡು ಫಟ್ಟನೆ ಮುಚ್ಚಿ ಪೈಪಿಗೆ ಸುತ್ತಿಗೆಯೇಟು ಬಿದ್ದಂತಾಗುತ್ತದೆ. ಮೋಟರು ಹಾಕಿದಾಗ ಗೇಟ್ ವಾಲ್ವನ್ನು ಅರ್ಧವೇ ತೆರೆದು, ಗಾಳಿ ಹೋದ ಮೇಲೆ ಪೂರ್ತಿ ತೆರೆಯುವುದು ಲೇಸು.

ತೊಟ್ಟಿಯಿಂದ ತಾನಾಗಿ ಹರಿಯುವ ನೀರಾದರೆ ಇನ್ನೊಂದು ಎಚ್ಚರ ಬೇಕು. ಒತ್ತಡ ತೀರ ಕಡಿಮೆಯಿದ್ದರೆ ಕೆಲವು ವಾಲ್ವುಗಳು ಸರಿಯಾಗಿ ಮುಚ್ಚದೆ ಜಿನುಗುತ್ತವೆ. ಎಷ್ಟು ಕಡಿಮೆ ಒತ್ತಡದಲ್ಲಿ ಮುಚ್ಚುತ್ತದೆ ಎಂದು ಕೇಳಿಯೇ ಕೊಳ್ಳಿ. ಅಂಥಲ್ಲಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ಎತ್ತರದ ತೆರೆದ ಕೊಳವೆಯೊಂದನ್ನು ನೆಟ್ಟರೂ ಕೆಲಸ ನಡೆಯುತ್ತದೆ, ಖರ್ಚೂ ಕಡಿಮೆ. ಮೋಟರಿನ ಲೈನಿಗೆ ಈ ಉಪಾಯ ನಡೆಯದು. ಒಂದು ಕೆಜಿ ಒತ್ತಡಕ್ಕೇ ಹತ್ತು ಮೀಟರ್ ಕಂಬ ಬೇಕಾದೀತು! ಪೈಪಿಗೆ ಮೊಳೆಯಿಂದ ತೂತು ಹೊಡೆದು ಕಡ್ಡಿ ಸಿಕ್ಕಿಸಿರುವುದನ್ನೂ ಕಂಡಿದ್ದೇನೆ. ಗಾಳಿ ಹೋಗುತ್ತದೆ, ನಿಜ. ಜೊತೆಗೆ ನೀರೂ ಹೋಗುತ್ತದೆ.

ವಾಲ್ವನ್ನು ನೆಟ್ಟಗೆ ನಿಲ್ಲಿಸಿ, ಕೆಳಗೊಂದು ಬಾಲ್ ವಾಲ್ವ್ ಹಾಕಿ; ಬಿಚ್ಚಿ ತೊಳೆಯುವಾಗ ಮೋಟರು ನಿಲ್ಲಿಸಬೇಕಾಗಿಲ್ಲ. ಗಡಸು ನೀರಿನ ಬೋರಾದರೆ ತೇಲುಗುಂಡಿನ ಮೇಲೆ ಬಿಳಿ ಹಕ್ಕಳೆ ಕಟ್ಟುತ್ತದೆ. ವಾಲ್ವ್ ಬದುಕಿದೆಯೇ ಎಂದು ತಿಳಿಯಲು ಮೋಟರು ನಿಲ್ಲಿಸಿ ಅದರ ಬಾಯಿಗೆ ಒಂದು ಚೂರು ಕಾಗದ ಹಿಡಿಯಿರಿ. ಕಾಗದ ಒಳಕ್ಕೆ ಎಳೆದರೆ ಸರಿಯಿದೆ. ಎಳೆಯದಿದ್ದರೆ ಬಿಚ್ಚಿ, ಗುಂಡನ್ನೂ ರಬ್ಬರನ್ನೂ ತೊಳೆದು ಮತ್ತೆ ಹಾಕಿ.