ಇವತ್ತಿನ ಬಿಡಾರ ಎಲ್ಲಿ?

ಬೈಕಿಗೆ ಟೆಂಟು ಕಟ್ಟಿಕೊಂಡು ನಾಲ್ಕು ದಿನ ಸುತ್ತಿ ಬರಬೇಕೆಂಬ ಆಸೆ ಕಾಲೇಜಿನಲ್ಲಿ ಓದುವ ಯಾರಿಗಿಲ್ಲ ಹೇಳಿ? ಪೆಟ್ರೋಲಿಗೆ ಗೆಳೆಯರೆಲ್ಲ ಸೇರಿ ದುಡ್ಡು ಹಾಕಬಹುದು, ಊಟಕ್ಕೆ ರೊಟ್ಟಿಬುತ್ತಿ ಕಟ್ಟಿಕೊಳ್ಳಬಹುದು. ಲೆಕ್ಕ ತಪ್ಪುವುದು ಕತ್ತಲಾದ ಮೇಲೆ. ಲಾಡ್ಜಿನ ಒಂದು ರಾತ್ರಿಯ ಬಾಡಿಗೆ ಇಡೀ ದಿನದ ಖರ್ಚನ್ನು ಮೀರುತ್ತದೆ. ವಾಹನದಲ್ಲೇ ಮನೆ ಮಾಡಿಕೊಂಡು ದೇಶ ತಿರುಗುವವರ ವಿಡಿಯೊಗಳನ್ನು ಮೊಬೈಲ್‌ನಲ್ಲಿ ನೋಡಿ ಬೆರಗಾಗುತ್ತೇವೆ. ಅಂಥವರು ನಮ್ಮೂರ ಹೊಲಗಳಲ್ಲೇ ಬಿಡಾರ ಹೂಡಿದಾಗ ತಿರುಗಿಯೂ ನೋಡುವುದಿಲ್ಲ.

ನಮ್ಮ ಬಳಗಾನೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ ತುಂಗಭದ್ರಾ ಎಡದಂಡೆ ನಾಲೆಯ ನೀರಿನಲ್ಲಿ ಬೆಳೆದ ಭತ್ತ ಕಟಾವಿಗೆ ಬಂತೆಂದರೆ ಹೊರರಾಜ್ಯಗಳಿಂದಲೂ ಕಟಾವು ಯಂತ್ರಗಳು ಬಂದಿಳಿಯುತ್ತವೆ. ಚಾಲಕರು ಮತ್ತು ಅವರ ಜೊತೆಗಾರರಿಗೆ ಯಂತ್ರದ ಮಗ್ಗುಲೇ ಅಡುಗೆಮನೆ, ಅಲ್ಲೇ ಹಾಸಿಗೆ. ಕಟಾವು ಮುಗಿದ ಹೊಲಗಳಿಗೆ ಕುರಿ ಮಂದೆಗಳೂ ಬರುತ್ತವೆ. ಕುದುರೆಯ ಬೆನ್ನ ಮೇಲೆ ಕಂಬಳಿ, ಪಾತ್ರೆ, ಕೋಳಿ, ನಡೆಯಲಾರದ ಎಳೆ ಮರಿಗಳು. ತಿಂಗಳುಗಟ್ಟಲೆ ಅವರ ಸಂಸಾರ ದಾರಿಯಲ್ಲೇ.

ಕುರಿಗಾರರು ರಾತ್ರಿ ಉಳಿಯುವ ಬಗೆ ತಿಳಿದುಕೊಳ್ಳುವಂಥದ್ದು. ಹಿರಿಯರೊಬ್ಬರು ಮುಂಚೆಯೇ ಹೋಗಿ ಮೇವು, ನೀರು ನೋಡಿ, ಹೊಲದವರನ್ನು ಮಾತಾಡಿಸಿ ಬರುತ್ತಾರೆ. ಆಮೇಲೆ ಮಂದೆ ಕದಲುತ್ತದೆ. ಸಂಜೆ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬುತ್ತಾರೆ. ಬೆಳಗಾಗುವಷ್ಟರಲ್ಲಿ ಹಿಕ್ಕೆ, ಗಂಜಲ ನೆಲಕ್ಕೆ ಸೇರಿ ಒಳ್ಳೆಯ ಗೊಬ್ಬರವಾಗಿರುತ್ತದೆ. ಅದಕ್ಕೆ ರೈತರು ಕಾಳು ಅಥವಾ ಹಣ ಕೊಡುತ್ತಾರೆ. ಲಾಡ್ಜಿನಲ್ಲಿ ಮಲಗಿದವನು ದುಡ್ಡು ಕೊಡಬೇಕು. ಇಲ್ಲಿ ಮಲಗಿದವರಿಗೇ ಹೊಲದ ಯಜಮಾನ ಕೊಡುತ್ತಾನೆ!

ಅಮೆರಿಕದಲ್ಲಿ ವ್ಯಾನ್‌ಗಳಲ್ಲಿ ಬದುಕುವವರಿಗೆ ಸರ್ಕಾರಿ ಬಯಲು ಭೂಮಿಯ ಬಹುಪಾಲು ಕಡೆ ಸಾಮಾನ್ಯವಾಗಿ 14 ದಿನ ಬಾಡಿಗೆಯಿಲ್ಲದೆ ತಂಗಲು ಅವಕಾಶವಿದೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ಆರಂಭಿಸಿತು. ಅದು ಹಣವುಳ್ಳ ಪ್ರವಾಸಿಗರ ಲೆಕ್ಕ. ನಮ್ಮಲ್ಲಿ ಊರಿನ ಗಾಯರಾಣಗಳು ಕರಗುತ್ತಿವೆ. ನೀರಾವರಿ ಹೊಲಗಳು ಎರಡು ಬೆಳೆಯ ನಡುವೆ ಖಾಲಿ ಇರುವ ದಿನಗಳೂ ಕಡಿಮೆ. ಹಾಗಾಗಿ ದಾರಿಹೋಕರಿಗೆ ಉಳಿದಿರುವುದು ಕೇಳಿ ಪಡೆಯುವ ಜಾಗ ಮಾತ್ರ.

ಕುರಿಗಾರರಂತೆ ನಾವೂ ಬೆಳಕಿರುವಾಗಲೇ ಕೇಳಬೇಕು. ‘ಅಣ್ಣಾರ, ಇವತ್ತೊಂದು ರಾತ್ರಿ ಇಲ್ಲಿ ಇರ್ತೀವ್ರಿ’ ಎಂದರೆ, ‘ಊಟ ಆಗೇತೇನಪಾ?’ ಎಂದು ವಿಚಾರಿಸುವವರು ನಮ್ಮ ಕಡೆ ಇನ್ನೂ ಇದ್ದಾರೆ. ಕತ್ತಲಲ್ಲಿ ಸದ್ದಿಲ್ಲದೆ ಟೆಂಟು ಹಾಕಿದರೆ ಕಳ್ಳರೆಂಬ ಅನುಮಾನ ಬರುವುದು ಸಹಜ. ಢಾಬಾದಲ್ಲಿ ಊಟ ಮಾಡಿದವರಿಗೆ ಹೊರಸು ಸಿಗುವುದುಂಟು, ಲಾರಿ ಚಾಲಕರಿಗೆ ಇದು ಗೊತ್ತು. ಪೆಟ್ರೋಲ್ ಬಂಕ್‌ನಲ್ಲಿ ಕುಡಿಯುವ ನೀರು, ಶೌಚಾಲಯ, ಟಯರಿಗೆ ಗಾಳಿ ಉಚಿತವಾಗಿ ಸಿಗಬೇಕು. ಮಠ, ದೇವಸ್ಥಾನಗಳ ಯಾತ್ರಿ ನಿವಾಸಗಳಲ್ಲಿ ಬಾಡಿಗೆ ಕಡಿಮೆ. ಖಚಿತವಾದ ರೈಲು ಟಿಕೆಟ್ ಇದ್ದರೆ ದೊಡ್ಡ ನಿಲ್ದಾಣಗಳ ವಿಶ್ರಾಂತಿ ಕೊಠಡಿಯನ್ನು ಕಾಯ್ದಿರಿಸಬಹುದು.

ನಾಲೆಯ ದಂಡೆ, ಹಳ್ಳದ ಪಾತ್ರ ಎಷ್ಟೇ ಚೆಂದವಿದ್ದರೂ ಅಲ್ಲಿ ಮಲಗಬಾರದು. ನೀರು ಯಾವಾಗ ಬರುತ್ತದೆಂದು ಹೇಳಲಾಗದು. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವುದು ಅಪರಾಧ. ಒಣ ಹುಲ್ಲಿನ ಬಣವೆಯ ಹತ್ತಿರ ಒಲೆ ಹೊತ್ತಿಸಬೇಡಿ. ಎಲ್ಲಿದ್ದೇವೆಂದು ಮನೆಗೆ ತಿಳಿಸಿ, 112 ಸಂಖ್ಯೆ ನೆನಪಿಡಿ. ಹೊರಡುವ ಮುನ್ನ ಪ್ಲಾಸ್ಟಿಕ್ಕು, ಬಾಟಲಿ ಎಲ್ಲ ಆಯ್ದುಕೊಳ್ಳಿ. ಕುರಿಗಾರರು ಗೊಬ್ಬರ ಬಿಟ್ಟು ಹೋಗುವ ಹೊಲದಲ್ಲಿ ನಾವು ಕಸ ಬಿಟ್ಟು ಹೋದರೆ ನಮ್ಮ ಹಿಂದೆ ಬರುವವರಿಗೆ ಆ ಹೊಲ ಮುಚ್ಚಿದಂತೆಯೇ.

ಇಷ್ಟೆಲ್ಲ ಖುಷಿಗಾಗಿ ತಿರುಗುವವರ ಮಾತಾಯಿತು. ಕೆಲಸ ಹುಡುಕುತ್ತಾ ತಿರುಗುವವರ ರಾತ್ರಿ ಇನ್ನೂ ಕಷ್ಟದ್ದು. ಸ್ಪರ್ಧಾತ್ಮಕ ಪರೀಕ್ಷೆಯ ಕೇಂದ್ರ ಕಲಬುರಗಿಗೋ ಬೆಂಗಳೂರಿಗೋ ಬಿದ್ದರೆ ಹಿಂದಿನ ದಿನವೇ ಹೊರಡಬೇಕು. ಎಷ್ಟೋ ಹುಡುಗರು ಬಸ್ ನಿಲ್ದಾಣದ ಬೆಂಚಿನ ಮೇಲೆ ಬ್ಯಾಗನ್ನು ತಲೆದಿಂಬಾಗಿಸಿ ಮಲಗಿ, ನಿದ್ದೆಗಣ್ಣಿನಲ್ಲೇ ಪರೀಕ್ಷೆ ಬರೆಯುತ್ತಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಬಸ್ಸೇನೋ ಉಚಿತ, ಇಳಿದ ಮೇಲೆ ರಾತ್ರಿ ಎಲ್ಲಿರಬೇಕು? ಜೊತೆಗೆ ಬರಲು ಅಪ್ಪನೋ ಅಣ್ಣನೋ ಒಂದು ದಿನದ ಕೂಲಿ ಬಿಡಬೇಕು. ಅದಾಗದಿದ್ದರೆ ಹಾಲ್ ಟಿಕೆಟ್ ಕೈಯಲ್ಲಿದ್ದರೂ ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ.

ಚುನಾವಣೆಯ ಹಿಂದಿನ ರಾತ್ರಿ ಮತಗಟ್ಟೆ ಸಿಬ್ಬಂದಿ ಶಾಲೆಗಳಲ್ಲೇ ಉಳಿಯುತ್ತಾರೆ. ಅಂದರೆ ಕಟ್ಟಡವಿದೆ, ವ್ಯವಸ್ಥೆ ಮಾಡುವುದೂ ಗೊತ್ತಿದೆ. ದೊಡ್ಡ ಪರೀಕ್ಷೆಗಳ ಹಿಂದಿನ ರಾತ್ರಿಯೂ ಕೇಂದ್ರವಿರುವ ಊರಿನ ಒಂದೆರಡು ಶಾಲೆ, ಸಮುದಾಯ ಭವನ ತೆರೆದು, ಹುಡುಗಿಯರಿಗೆ ಪ್ರತ್ಯೇಕ ಜಾಗ, ಕಾವಲಿಗೆ ಮಹಿಳಾ ಸಿಬ್ಬಂದಿ ಕೊಟ್ಟರೆ ಸಾಕು. ಚಾಪೆ, ಹೊದಿಕೆ ನಾವೇ ತರುತ್ತೇವೆ. ಹಾಲ್ ಟಿಕೆಟ್ ತೋರಿಸಿ ಒಳಗೆ ಹೋಗುತ್ತೇವೆ, ಬೆಳಿಗ್ಗೆ ಕಸ ಗುಡಿಸಿಯೇ ಹೊರಡುತ್ತೇವೆ.